ಕವಿಯೋ, ಕಲಾವಿದೆಯೋ, ಕ್ರಿಯೇಟರೋ: ಪ್ರೊಫೈಲ್‌ನಲ್ಲಿ ನಿಮ್ಮನ್ನು ನೀವು ಏನೆಂದು ಬರೆದುಕೊಳ್ಳಬೇಕು?

ಆನ್‌ಲೈನ್‌ನಲ್ಲಿ ಕಥೆ ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು, ರೀಲ್ಸ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಹೆಸರಿನ ಕೆಳಗೆ ಏನೆಂದು ಹಾಕಿಕೊಳ್ಳಲಿ? ಪುಸ್ತಕ ಬಂದಿಲ್ಲ, 'ಲೇಖಕಿ' ಎನ್ನಬಹುದೇ? 'ಕಂಟೆಂಟ್ ಕ್ರಿಯೇಟರ್' ಎಂದರೆ ಹಗುರವಾಗಿ ಕಾಣುತ್ತದೆಯೇ? ಕಾವ್ಯನಾಮ ಇಟ್ಟುಕೊಂಡರೆ ನಾಳೆ ದುಡ್ಡು ಬರುವ ಹೊತ್ತಿಗೆ ತೊಡಕಾಗುತ್ತದೆಯೇ?

ಇವೆಲ್ಲದರ ಬುಡದಲ್ಲಿರುವ ಉತ್ತರ ಒಂದೇ. ನೀವು ಮಾಡುವ ಕೆಲಸದ ಹೆಸರನ್ನು ಹಾಕಿಕೊಳ್ಳಿ, ನಿಮಗೆ ಸಿಗಲಿ ಎಂದು ಬಯಸುವ ಸ್ಥಾನದ ಹೆಸರನ್ನಲ್ಲ. ಕೆಲಸದ ಹೆಸರು ಹಾಕಿದರೆ ನಿಮ್ಮಲ್ಲಿ ಏನು ಸಿಗುತ್ತದೆ ಎಂದು ಬಂದವರಿಗೆ ತಿಳಿಯುತ್ತದೆ, ಹುಡುಕುವವರಿಗೆ ನೀವು ಸಿಗುತ್ತೀರಿ, ಯಾರಾದರೂ 'ಹೌದೇ?' ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಕೆಲಸವಿರುತ್ತದೆ. ಒಂದು ಹಾಳೆ, ನಿಮ್ಮ ಫೋನ್, ಒಂದೆರಡು ಗಂಟೆ ಬಿಡುವು ಇದ್ದರೆ ಶುರು ಮಾಡಬಹುದು.

ಮೊದಲು ಐದು ಚೌಕಗಳನ್ನು ಬೇರೆ ಮಾಡಿಕೊಳ್ಳಿ

ಹೆಚ್ಚಿನ ಗೊಂದಲ ಹುಟ್ಟುವುದು ಐದು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವುದರಿಂದ.

ಡಿಸ್‌ಪ್ಲೇ ನೇಮ್: ಪ್ರೊಫೈಲ್‌ನಲ್ಲಿ ದಪ್ಪಕ್ಷರದಲ್ಲಿ ಕಾಣುವ ಹೆಸರು. ಕನ್ನಡದಲ್ಲಿಯೇ ಬರೆಯಬಹುದು.
ಹ್ಯಾಂಡಲ್ ಅಥವಾ ಯೂಸರ್‌ನೇಮ್: ಆ್ಯಟ್ ಚಿಹ್ನೆಯ ಮುಂದೆ ಬರುವುದು. ನಿಮ್ಮ ಲಿಂಕ್ ಆಗುವುದು ಇದೇ, ಒಬ್ಬರಿಗಿರುವುದು ಇನ್ನೊಬ್ಬರಿಗೆ ಸಿಗದು.
ಕೆಟಗರಿ: ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳು ಕೊಡುವ ಪಟ್ಟಿಯಿಂದ ಆರಿಸುವ ವರ್ಗ. 'ಆರ್ಟಿಸ್ಟ್', 'ರೈಟರ್', 'ಡಿಜಿಟಲ್ ಕ್ರಿಯೇಟರ್' ಇತ್ಯಾದಿ.
ಬಯೋ: ನಿಮ್ಮದೇ ಮಾತಿನ ಪರಿಚಯ ಸಾಲು.
ದಾಖಲೆಯ ಹೆಸರು: ಪಾನ್ ಕಾರ್ಡಿನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುವುದು. ಇದನ್ನು ಓದುಗರು ನೋಡಬೇಕಾಗಿಲ್ಲ, ಆದರೆ ಹಣ ಬರುವುದು ಇದರ ದಾರಿಯಲ್ಲೇ.

ಹಂತ 1: ಹಿಂದಿನ 20 ಕೆಲಸಗಳನ್ನು ಪಟ್ಟಿ ಮಾಡಿ

ನೀವು ಕೊನೆಯದಾಗಿ ಹಾಕಿದ 20 ಪೋಸ್ಟ್ ಅಥವಾ ವಿಡಿಯೊಗಳನ್ನು ತೆಗೆದು ಪ್ರತಿಯೊಂದಕ್ಕೂ ನಾಲ್ಕು ಮಾತು ಬರೆಯಿರಿ. ಪ್ರಕಾರ ಯಾವುದು (ಹನಿಗವನ, ಜಲವರ್ಣ, ಕಿರುಚಿತ್ರ, ಅಡುಗೆ ವಿಡಿಯೊ), ವಿಷಯ ಏನು, ಭಾಷೆ ಯಾವುದು, ಸ್ವಂತದ್ದೇ ಅಥವಾ ಬೇರೆಯವರದ್ದೇ. ಇಪ್ಪತ್ತರಲ್ಲಿ 12ಕ್ಕಿಂತ ಹೆಚ್ಚು ಒಂದೇ ಪ್ರಕಾರದವಾದರೆ ನಿಮ್ಮ ಮುಖ್ಯ ಹೆಸರು ಅಲ್ಲಿಯೇ ಇದೆ. ಯಾವುದೂ ಅಷ್ಟು ಬಾರದಿದ್ದರೆ ವಿಷಯದ ಕಾಲಂ ನೋಡಿ. ಪ್ರಕಾರ ಬೇರೆ ಬೇರೆಯಾದರೂ ವಿಷಯ ಒಂದೇ ಇರುವುದು ಸಾಮಾನ್ಯ. ಕೆರೆಗಳ ಬಗ್ಗೆ ಬರಹ, ಫೋಟೊ, ವಿಡಿಯೊ ಮೂರನ್ನೂ ಮಾಡುವವರು 'ಕೆರೆಗಳ ದಾಖಲೆ' ಎಂದು ಬರೆದುಕೊಂಡರೆ, ಮೂರು ವೃತ್ತಿಗಳನ್ನು ಸಾಲಾಗಿ ಜೋಡಿಸುವುದಕ್ಕಿಂತ ಎಷ್ಟೋ ಸ್ಪಷ್ಟ.

ಇಲ್ಲಿ ಎಡವುವುದು ಹೇಗೆಂದರೆ, ಅತಿ ಹೆಚ್ಚು ಲೈಕ್ ಬಂದ ಒಂದು ವಿಡಿಯೊ ಹಿಡಿದು ಹೆಸರು ನಿರ್ಧರಿಸುವುದು. ವೈರಲ್ ಆದ ಒಂದು ಹಾಸ್ಯದ ರೀಲ್ ನಂಬಿ 'ಕಾಮಿಡಿಯನ್' ಎಂದು ಹಾಕಿಕೊಂಡರೆ, ಬಂದವರಿಗೆ ಉಳಿದ 19 ಕವಿತೆಗಳು ಸಿಗುತ್ತವೆ. ಅವರು ನಿಲ್ಲುವುದಿಲ್ಲ.

ಹಂತ 2: ಪದವನ್ನು ಆರಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಕನ್ನಡದಲ್ಲಿ ಚಾಲ್ತಿಯಲ್ಲಿರುವ ಪದಗಳಿಗೆಲ್ಲ ಒಂದೇ ತೂಕವಿಲ್ಲ.

'ಬರಹಗಾರ', 'ಬರಹಗಾರ್ತಿ' ಎಂಬುದಕ್ಕೆ ಬರೆದು ಪ್ರಕಟಿಸುವುದಷ್ಟೇ ಅರ್ಹತೆ. ಅದು ಆನ್‌ಲೈನ್‌ನಲ್ಲಿ ಪ್ರಕಟವಾದರೂ ಆಯಿತು. 'ಲೇಖಕ', 'ಲೇಖಕಿ' ಎಂಬುದಕ್ಕೂ ಪುಸ್ತಕ ಬೇಕೇಬೇಕೆಂದು ಯಾರೂ ನಿಯಮ ಮಾಡಿಲ್ಲ. ಪ್ರತಿಲಿಪಿಯಂಥ ಕಥೆ ಓದುವ-ಬರೆಯುವ ಆ್ಯಪ್‌ಗಳಲ್ಲಿ ಕಂತುಕಂತಾಗಿ ಕಾದಂಬರಿ ಬರೆದು ಓದುಗರನ್ನು ಗಳಿಸಿರುವ ಗೃಹಿಣಿಯರು ಈ ಹೆಸರಿಗೆ ಸಂಕೋಚಪಡುವುದನ್ನು ಕಾಣುತ್ತೇವೆ. ಆ ಸಂಕೋಚ ಬೇಡ, ಧೈರ್ಯವಾಗಿ ಬರೆದುಕೊಳ್ಳಿ. 'ಕವಿ', 'ಕವಯಿತ್ರಿ' ಕೂಡ ಹಾಗೆಯೇ, ಆದರೆ ನೀವು ಬರೆಯುವುದು ಹನಿಗವನವೋ, ಗಜಲೋ, ಮಕ್ಕಳ ಪದ್ಯವೋ ಆಗಿದ್ದರೆ ಅದನ್ನೇ ಹೇಳುವುದು ಉತ್ತಮ. 'ಮಕ್ಕಳ ಪದ್ಯ ಬರೆಯುತ್ತೇನೆ' ಎಂದು ಓದಿದ ಶಾಲೆಯ ಮೇಷ್ಟ್ರಿಗೆ ತಾವು ಸರಿಯಾದ ಜಾಗಕ್ಕೆ ಬಂದಿದ್ದೇವೆ ಎಂದು ಗೊತ್ತಾಗುತ್ತದೆ.

'ಸಾಹಿತಿ', 'ಚಿಂತಕ', 'ವಿಮರ್ಶಕ', 'ಖ್ಯಾತ' ಇವು ಬೇರೆ ಜಾತಿಯವು. ಸಭೆಯಲ್ಲಿ ನಿರೂಪಕರು, ಪತ್ರಿಕೆಯಲ್ಲಿ ಸಂಪಾದಕರು ಕೊಡುವಂಥವು. ತಾವೇ ಹಾಕಿಕೊಂಡರೆ ಓದುಗರು ಮೊದಲು ಅಳೆಯಲು ಶುರು ಮಾಡುತ್ತಾರೆ, ಆಮೇಲೆ ಓದುತ್ತಾರೆ. 'ಅಂಕಣಕಾರ' ಎನ್ನಬೇಕಾದರೆ ನಿಗದಿತ ದಿನ ಬರುವ ಅಂಕಣ ಇರಬೇಕು. ಇದ್ದರೆ ಎಲ್ಲಿ ಎಂದೂ ಬರೆಯಿರಿ.

'ಕಲಾವಿದ', 'ಕಲಾವಿದೆ' ಕನ್ನಡದಲ್ಲಿ ತುಂಬ ಅಗಲವಾದ ಪದ. ನಟರೂ, ಗಾಯಕರೂ, ಚಿತ್ರ ಬಿಡಿಸುವವರೂ, ಯಕ್ಷಗಾನದ ವೇಷಧಾರಿಗಳೂ ಕಲಾವಿದರೇ. ಒಂಟಿಯಾಗಿ ಬಳಸಿದರೆ ನಿಮ್ಮ ಕೆಲಸ ತಿಳಿಯುವುದಿಲ್ಲ. 'ಚಿತ್ರಕಲಾವಿದೆ', 'ರಂಗಕಲಾವಿದ', 'ಕಾವಿಕಲೆ ಮಾಡುತ್ತೇನೆ' ಎಂದು ಬಿಡಿಸಿ ಬರೆಯಿರಿ.

'ಹವ್ಯಾಸಿ' ಎಂಬುದನ್ನು ಕೀಳು ಎಂದು ಭಾವಿಸಿ ಅಳಿಸುವವರಿದ್ದಾರೆ. ಕನ್ನಡ ರಂಗಭೂಮಿಯಲ್ಲಿ, ಯಕ್ಷಗಾನದಲ್ಲಿ ಹವ್ಯಾಸಿ ತಂಡಗಳಿಗೆ ದೊಡ್ಡ ಪರಂಪರೆಯೇ ಇದೆ. ಅಲ್ಲಿ ಆ ಮಾತಿಗೆ 'ಇದು ಹೊಟ್ಟೆಪಾಡಿನ ಕೆಲಸವಲ್ಲ' ಎಂದಷ್ಟೇ ಅರ್ಥ. ಸಂಭಾವನೆಗೆ ಕೆಲಸ ಒಪ್ಪಿಕೊಳ್ಳುವ ಇರಾದೆ ನಿಮಗಿದ್ದರೆ ಮಾತ್ರ ಈ ಪದ ಬಿಡಿ. ಹವ್ಯಾಸಿ ಎಂದು ಓದಿದವರು ಬಿಟ್ಟಿಯಾಗಿ ಮಾಡಿಕೊಡುತ್ತೀರಿ ಎಂದುಕೊಳ್ಳುತ್ತಾರೆ.

'ಕಂಟೆಂಟ್ ಕ್ರಿಯೇಟರ್', 'ಡಿಜಿಟಲ್ ಕ್ರಿಯೇಟರ್' ಬ್ರ್ಯಾಂಡಿನವರಿಗೆ, ಏಜೆನ್ಸಿಯವರಿಗೆ ಅರ್ಥವಾಗುವ ಮಾತು. ಓದುಗರಿಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಕೆಟಗರಿಯಲ್ಲಿ ಇರಲಿ, ಬಯೋದಲ್ಲಿ ಅದರ ಜಾಗಕ್ಕೆ ನಿಜವಾದ ಕೆಲಸ ಬರಲಿ. 'ಇನ್‌ಫ್ಲುಯೆನ್ಸರ್' ಎಂದರೆ ತನ್ನ ಮಾತಿನಿಂದ ಜನ ಒಂದು ವಸ್ತುವನ್ನು ಕೊಳ್ಳುವಂತೆ ಮಾಡಬಲ್ಲವರು. ಉತ್ಪನ್ನಗಳ ಪರಿಚಯ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಡ.

ಬೇರೆಯವರ ಕವಿತೆ, ವಚನ, ಹಳೆಯ ಫೋಟೊಗಳನ್ನು ಆರಿಸಿ ಹಾಕುವ ಪುಟ ನಡೆಸುತ್ತೀರಾ? 'ಸಂಗ್ರಹ' ಎಂದು ಬರೆಯಿರಿ, ಪ್ರತಿ ಪೋಸ್ಟಿನಲ್ಲೂ ಮೂಲ ಕರ್ತೃವಿನ ಹೆಸರು ಹಾಕಿ. ಒಳ್ಳೆಯದನ್ನು ಹುಡುಕಿ ಓದುಗರ ಮುಂದಿಡುವುದು ಘನತೆಯ ಕೆಲಸವೇ, ಅದನ್ನು 'ಕವಿ' ಎಂಬ ಹೆಸರಿನ ಹಿಂದೆ ಅಡಗಿಸಬೇಕಾಗಿಲ್ಲ. ಅನುವಾದಕರಿಗೂ ಇದೇ ಮಾತು. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಕರ್ತೃ ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ, ಅನುವಾದಿಸಿ ಪ್ರಕಟಿಸುವ ಮೊದಲು ಅನುಮತಿ ಪಡೆಯಬೇಕು. ಎಐ ಉಪಕರಣದಿಂದ ಚಿತ್ರ ಮಾಡುವವರು 'ಎಐ ನೆರವಿನ ಚಿತ್ರಗಳು' ಎಂದು ಬಯೋದಲ್ಲೇ ಹೇಳಲಿ. ನಿಜವೆಂದೇ ತೋರುವಂತೆ ಬದಲಿಸಿದ ಅಥವಾ ಸೃಷ್ಟಿಸಿದ ದೃಶ್ಯವಿದ್ದರೆ ಅಪ್‌ಲೋಡ್ ಮಾಡುವಾಗಲೇ ಘೋಷಿಸಬೇಕೆಂಬ ನಿಯಮವನ್ನು ಯೂಟ್ಯೂಬ್ 2024ರಲ್ಲಿ ತಂದಿದೆ.

ಎಚ್ಚರಿಕೆ: ಕೆಲವು ಪದಗಳಿಗೆ ಕಾನೂನಿನ ಕಾವಲಿದೆ. ಮನೆ ವಿನ್ಯಾಸದ ಸ್ಕೆಚ್ ಹಾಕುವವರು 'ಆರ್ಕಿಟೆಕ್ಟ್' ಎಂದು ಬರೆದುಕೊಳ್ಳಬೇಕಾದರೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಇರಬೇಕು. 'ಚಾರ್ಟರ್ಡ್ ಅಕೌಂಟೆಂಟ್' ಎನ್ನಲು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಸದಸ್ಯತ್ವ ಬೇಕು. ಹೂಡಿಕೆ ಸಲಹೆ ಕೊಡುವವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು. 'ಹಣಕಾಸು ವಿಷಯ ವಿವರಿಸುತ್ತೇನೆ' ಎನ್ನುವುದಕ್ಕೂ 'ಇನ್ವೆಸ್ಟ್‌ಮೆಂಟ್ ಅಡ್ವೈಸರ್' ಎನ್ನುವುದಕ್ಕೂ ಬಹಳ ಅಂತರವಿದೆ.

ಹಂತ 3: ಸ್ವಂತ ಹೆಸರೋ, ಕಾವ್ಯನಾಮವೋ?

ವಚನಕಾರರ ಅಂಕಿತದಿಂದ ಹಿಡಿದು ನವೋದಯದ ಕಾವ್ಯನಾಮದವರೆಗೆ ನಮ್ಮಲ್ಲಿ ಇದು ಹೊಸದಲ್ಲ. ದ.ರಾ. ಬೇಂದ್ರೆ ಕವಿತೆಗೆ 'ಅಂಬಿಕಾತನಯದತ್ತ' ಎಂದು ಬಳಸಿದರು, ಮಾಸ್ತಿ ಕಥೆಗಳನ್ನು 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಬರೆದರು, ಅನಸೂಯಾ ಶಂಕರ್ ಓದುಗರಿಗೆ 'ತ್ರಿವೇಣಿ'ಯಾಗಿಯೇ ಉಳಿದರು.

ಕಾವ್ಯನಾಮದಲ್ಲಿ ಬರೆದರೂ ಹಕ್ಕು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಜ್ಞಾತ ಅಥವಾ ಕಾವ್ಯನಾಮದ ಕೃತಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ. ಆ ಅವಧಿಯೊಳಗೆ ಕರ್ತೃ ಯಾರೆಂದು ಬಹಿರಂಗವಾದರೆ ಮಾಮೂಲಿನಂತೆ ಮರಣಾನಂತರದ 60 ವರ್ಷವಾಗುತ್ತದೆ. ಆದರೆ 'ಆ ಹೆಸರು ನಾನೇ' ಎಂದು ತೋರಿಸಲು ನಿಮ್ಮ ಬಳಿ ಆಧಾರ ಇರಬೇಕು. ಮೂಲ ಫೈಲ್, ತಾರೀಖಿರುವ ಕರಡು, ನಿಮಗೆ ನೀವೇ ಕಳಿಸಿಕೊಂಡ ಇಮೇಲ್ ಇವನ್ನು ಉಳಿಸಿಡಿ.

ಹೆಸರು ಆರಿಸುವಾಗ ಮೂರು ಪರೀಕ್ಷೆ ಮಾಡಿ. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಮೂರರಲ್ಲಿ ಹುಡುಕಿ, ಅದೇ ಕ್ಷೇತ್ರದಲ್ಲಿ ಅದೇ ಹೆಸರಿನವರು ಇದ್ದರೆ ಬಿಡಿ. ಫೋನಿನಲ್ಲಿ ಯಾರಿಗಾದರೂ ಹೆಸರು ಹೇಳಿ ಬರೆಯಲು ಕೇಳಿ, ತಪ್ಪು ಬರೆದರೆ ಯೋಚಿಸಿ. ಮುಂದೆ ಅದೇ ಹೆಸರಿನಲ್ಲಿ ವ್ಯಾಪಾರ ಮಾಡುವ ಯೋಚನೆಯಿದ್ದರೆ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟವನ್ನೂ ಮಾಡಿ. ಅದು ಉಚಿತ, ಮನರಂಜನೆ ಮತ್ತು ಶಿಕ್ಷಣ ಸೇವೆಗಳು 41ನೇ ವರ್ಗದಲ್ಲಿ ಬರುತ್ತವೆ.

ರಾಜ್ಯ ಸರ್ಕಾರಿ ನೌಕರರು ಮೊದಲು 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳನ್ನು ಓದಿ, ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಕಾವ್ಯನಾಮ ಇಟ್ಟುಕೊಂಡ ಮಾತ್ರಕ್ಕೆ ನಿಯಮ ತಪ್ಪುವುದಿಲ್ಲ. ಗುರುತು ಮರೆಮಾಚುವುದೇ ಉದ್ದೇಶವಾದರೆ (ಮನೆಯವರ ವಿರೋಧದ ನಡುವೆ ಬರೆಯುವ ಹೆಣ್ಣುಮಕ್ಕಳಿಗೆ ಇದು ಅಗತ್ಯವೇ ಆಗಿರಬಹುದು) ಹೆಸರು ಬದಲಿಸಿದರೆ ಸಾಲದು. ಪ್ರತ್ಯೇಕ ಇಮೇಲ್ ಬೇಕು, ಆ ಖಾತೆಗೆ ನಿಮ್ಮ ಮಾಮೂಲಿ ಫೋನ್ ನಂಬರ್ ಕೊಡಬಾರದು, ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಸಿಂಕ್ ಆಫ್ ಮಾಡಬೇಕು. ಇಲ್ಲದಿದ್ದರೆ ನಿಮ್ಮ ನಂಬರ್ ಇರುವ ಚಿಕ್ಕಪ್ಪನ ಫೋನಿನಲ್ಲಿ ನಿಮ್ಮ ಗುಟ್ಟಿನ ಪುಟ ಸಲಹೆಯಾಗಿ ಬಂದು ಕೂರುತ್ತದೆ.

ಹಂತ 4: ಹ್ಯಾಂಡಲ್

ಇನ್‌ಸ್ಟಾಗ್ರಾಮ್ ಯೂಸರ್‌ನೇಮ್ 30 ಅಕ್ಷರ ಮೀರುವಂತಿಲ್ಲ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಮಿತಿ 15 ಅಷ್ಟೇ. ಯೂಟ್ಯೂಬ್ ಹ್ಯಾಂಡಲ್ 3ರಿಂದ 30. ಎಲ್ಲ ಕಡೆ ಒಂದೇ ಇರಬೇಕೆಂದರೆ 15ರೊಳಗೆ ಮುಗಿಸಿ. ಎಕ್ಸ್ ಚುಕ್ಕೆಯನ್ನು ಒಪ್ಪುವುದಿಲ್ಲ, ಅಂಡರ್‌ಸ್ಕೋರ್ ಮೂರೂ ಕಡೆ ನಡೆಯುತ್ತದೆ.

ಇನ್‌ಸ್ಟಾಗ್ರಾಮ್ ಮತ್ತು ಎಕ್ಸ್‌ಗಳ ಹ್ಯಾಂಡಲ್‌ಗೆ ಇಂಗ್ಲಿಷ್ ಅಕ್ಷರಗಳೇ ಬೇಕಾದ್ದರಿಂದ ಕನ್ನಡದವರಿಗೆ ಒಂದು ವಿಶೇಷ ತೊಡಕು. ಲ ಮತ್ತು ಳ, ತ ಮತ್ತು ಟ, ದ ಮತ್ತು ಡ, ಹ್ರಸ್ವ ಮತ್ತು ದೀರ್ಘ ಅಲ್ಲಿ ಒಂದೇ ಆಗಿಬಿಡುತ್ತವೆ. 'ಹಳ್ಳಿ' ಎಂದು ನೀವು ಬರೆದದ್ದನ್ನು 'ಹಲ್ಲಿ' ಎಂದು, 'ಕಲೆ'ಯನ್ನು 'ಕಳೆ' ಎಂದು ಓದಬಹುದು. ಇಂಥ ಅಕ್ಷರಗಳಿಲ್ಲದ, ದೀರ್ಘ ಕಡಿಮೆ ಇರುವ ಹೆಸರು ಆರಿಸಿ. ಒತ್ತಕ್ಷರಕ್ಕೆ ಅಕ್ಷರ ಎರಡೆರಡು ಸಲ ಬರೆದದ್ದನ್ನು ಜನ ಮರೆಯುತ್ತಾರೆ.

ಹ್ಯಾಂಡಲ್‌ನಲ್ಲಿ ಹುಟ್ಟಿದ ವರ್ಷ, 'ಅಫಿಶಿಯಲ್', ಕೆಲಸದ ಹೆಸರು ಈ ಮೂರೂ ಬೇಡ. ಕೆಲಸ ನಾಲ್ಕು ವರ್ಷಕ್ಕೆ ಬದಲಾಗಬಹುದು. ಬಯೋ ಬದಲಿಸುವುದು ಒಂದು ನಿಮಿಷದ ಮಾತು, ಹ್ಯಾಂಡಲ್ ಬದಲಿಸಿದರೆ ಹಳೆಯ ಲಿಂಕುಗಳೆಲ್ಲ ಕೆಡುತ್ತವೆ.

ಹಂತ 5: ಕೆಟಗರಿ

ಇನ್‌ಸ್ಟಾಗ್ರಾಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೆಷನಲ್ ಅಕೌಂಟ್‌ಗೆ ಬದಲಿಸಿದರೆ ಕೆಟಗರಿ ಕೇಳುತ್ತದೆ. ನಂತರ 'ಕ್ರಿಯೇಟರ್' ಮತ್ತು 'ಬಿಸಿನೆಸ್' ನಡುವೆ ಒಂದನ್ನು ಆರಿಸಬೇಕು. ಸೃಜನಶೀಲ ಕೆಲಸದವರು 'ಕ್ರಿಯೇಟರ್' ಆರಿಸಿ. 'ಬಿಸಿನೆಸ್' ಒತ್ತಿದವರು ಆಮೇಲೆ ರೀಲ್‌ಗೆ ಸಿನಿಮಾ ಹಾಡು ಸಿಗುತ್ತಿಲ್ಲವೆಂದು ಪರದಾಡುತ್ತಾರೆ, ಏಕೆಂದರೆ ವ್ಯಾಪಾರದ ಖಾತೆಗಳಿಗೆ ಜನಪ್ರಿಯ ಸಂಗೀತದ ಪರವಾನಗಿ ಸಿಗುವುದು ಕಡಿಮೆ. ಪ್ರೊಫೆಷನಲ್ ಅಕೌಂಟ್ ಪ್ರೈವೇಟ್ ಆಗಿರಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಆರಿಸಿದ ಕೆಟಗರಿಯನ್ನು ಪ್ರೊಫೈಲ್‌ನಲ್ಲಿ ಕಾಣದಂತೆ ಮರೆಮಾಡಬಹುದು. ಪಟ್ಟಿಯಲ್ಲಿ ನಿಮಗೆ ಹೊಂದುವ ಪದ ಇಲ್ಲದಿದ್ದರೆ ಹಾಗೆಯೇ ಮಾಡಿ. 'ಪಬ್ಲಿಕ್ ಫಿಗರ್' ಬೇಡ. ಯೂಟ್ಯೂಬ್‌ನಲ್ಲಿ ಕೆಟಗರಿ ಇರುವುದು ಪ್ರತಿ ವಿಡಿಯೊಗೆ, ನಿಮಗಲ್ಲ.

ಹಂತ 6: ಬಯೋ ಬರೆಯಿರಿ

ಇನ್‌ಸ್ಟಾಗ್ರಾಮ್‌ನಲ್ಲಿ 150, ಎಕ್ಸ್‌ನಲ್ಲಿ 160 ಅಕ್ಷರ. ಆದರೆ ಕಂಪ್ಯೂಟರ್ ಎಣಿಸುವುದು ನಾವು ಎಣಿಸಿದಂತಲ್ಲ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಜೋಡಿಸುವ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮಗೆ ಒಂದಕ್ಷರ, ಅಲ್ಲಿ ಆರು. 'ಲೇಖಕಿ' ನಮಗೆ ಮೂರು, ಅಲ್ಲಿ ಐದು. ಹಾಗಾಗಿ 150 ಎಂದರೆ ಕನ್ನಡದಲ್ಲಿ ಸುಮಾರು 15ರಿಂದ 20 ಪದ ಎಂದುಕೊಂಡೇ ಬರೆಯಿರಿ.

ಕ್ರಮ ಹೀಗಿರಲಿ: ಏನು ಮಾಡುತ್ತೀರಿ, ಯಾವುದರ ಬಗ್ಗೆ, ಎಷ್ಟು ದಿನಕ್ಕೊಮ್ಮೆ, ಬೇಕಿದ್ದವರು ಏನು ಮಾಡಬೇಕು.

ಹೀಗೆ ಬೇಡ: 'ಕನಸುಗಾರ, ಪ್ರಕೃತಿಪ್ರೇಮಿ, ಕವಿ, ಫೋಟೋಗ್ರಾಫರ್, ಸಂಗೀತಪ್ರಿಯ, ಹೆಮ್ಮೆಯ ಕನ್ನಡಿಗ.'
ಹೀಗೆ ಬರೆಯಿರಿ: 'ಮಲೆನಾಡಿನ ಹಕ್ಕಿಗಳ ಜಲವರ್ಣ ಚಿತ್ರಗಳು. ಪ್ರತಿ ಭಾನುವಾರ ಹೊಸದು. ಚಿತ್ರ ಬೇಕಿದ್ದರೆ ಮೆಸೇಜ್ ಮಾಡಿ.'

ಎರಡು ಬದುಕು ಇರುವವರಿಗೆ: 'ಬಿಡುವಿನಲ್ಲಿ ಉತ್ತರ ಕರ್ನಾಟಕದ ಮಾತಿನ ಸಣ್ಣಕಥೆಗಳು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್.' ಕಥೆ ಮೊದಲು ಬರಲಿ, ನೌಕರಿ ಆಮೇಲೆ.

ಹೆಸರಿನ ಚೌಕದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿ ಹಾಕುವುದು ಒಳ್ಳೆಯದು. ಹೊರನಾಡಿನಲ್ಲಿ, ಹೊರದೇಶದಲ್ಲಿ ಬೆಳೆದ ಎಷ್ಟೋ ಕನ್ನಡಿಗರು ಕನ್ನಡ ಕೇಳಿ ಅರ್ಥಮಾಡಿಕೊಂಡರೂ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಹೆಸರಿನ ಅಕ್ಷರಗಳಿಗೆ ಅಲಂಕಾರದ ಫಾಂಟ್ ಬಳಸಬೇಡಿ. ಅವು ನಿಜದಲ್ಲಿ ಗಣಿತದ ಚಿಹ್ನೆಗಳು, ಹುಡುಕಾಟದಲ್ಲಿ ಸರಿಯಾಗಿ ಸಿಗುವುದಿಲ್ಲ, ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಹೆಸರಾಗಿ ಓದುವುದೂ ಇಲ್ಲ.

ಹಂತ 7: ಹಣ ಬರುವ ಕಡೆ ನಿಜವಾದ ಹೆಸರು

ಚಾನೆಲ್ ಹೆಸರು ಏನೇ ಇರಲಿ, ಯೂಟ್ಯೂಬ್ ಗಳಿಕೆಯನ್ನು ಪಾವತಿಸುವ ಗೂಗಲ್‌ನ ಆ್ಯಡ್‌ಸೆನ್ಸ್‌ನಲ್ಲಿ ಹಣ ಪಡೆಯುವವರ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ಹೊಂದಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಆದ ಮೇಲೆ ಹಣ. ಕಾವ್ಯನಾಮ ಹಾಕಿದವರ ಕಾಗದ, ಆ ಹೆಸರಿನವರು ಇಲ್ಲಿಲ್ಲ ಎಂದು ವಾಪಸಾಗುವುದು ಮಾಮೂಲು.

ತೆರಿಗೆ ಕಾಗದದಲ್ಲಿ ನಿಮ್ಮ ಬಯೋ ಲೆಕ್ಕಕ್ಕಿಲ್ಲ, ಆದಾಯದ ಮೂಲ ಲೆಕ್ಕಕ್ಕೆ ಬರುತ್ತದೆ. 2025-26ರ ಕರನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆ ರಿಟರ್ನ್ (ಐಟಿಆರ್) ನಮೂನೆಯಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ 16021 ಎಂಬ ಪ್ರತ್ಯೇಕ ಸಂಕೇತ ಸೇರಿದೆ. ಪುಸ್ತಕದ ಗೌರವಧನ ಮಾತ್ರ ಇರುವವರಿಗೆ ಅದು ಅನ್ವಯಿಸದು. ಗೊಂದಲವಿದ್ದರೆ ಆಡಿಟರ್ ಬಳಿ ಕೂತು ಮಾತಾಡಿ.

ಬ್ರ್ಯಾಂಡಿನಿಂದ ಹಣ ಅಥವಾ ಉಚಿತ ವಸ್ತು ಪಡೆದು ಪೋಸ್ಟ್ ಹಾಕಿದರೆ, ನೀವು 'ಕವಿ' ಎಂದು ಬರೆದುಕೊಂಡಿದ್ದರೂ ಆ ಪೋಸ್ಟಿನ ಮಟ್ಟಿಗೆ ಜಾಹೀರಾತುದಾರರೇ. ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರಿಂದಲೂ, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯ ಮಾರ್ಗದರ್ಶಿ 2023ರ ಜನವರಿಯಿಂದಲೂ ಇದೆ. 'ಜಾಹೀರಾತು', 'ಪ್ರಾಯೋಜಿತ' ಎಂದು ಎದ್ದು ಕಾಣುವಂತೆ ಬರೆಯಿರಿ, ಹತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ ತುರುಕಬೇಡಿ. ವಿಡಿಯೊದಲ್ಲಾದರೆ ತೋರಿಸಿ, ಬಾಯಲ್ಲೂ ಹೇಳಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಬೀಳಬಹುದು.

ಹಂತ 8: ಬದಲಿಸುವಾಗ

ಹೆಸರು ಸದಾಕಾಲಕ್ಕೆ ಅಂಟಿಕೊಳ್ಳುವುದಲ್ಲ. ವರ್ಷಕ್ಕೊಮ್ಮೆ ಮೊದಲ ಹಂತದ ಪಟ್ಟಿ ಮತ್ತೆ ಮಾಡಿ, ಕೆಲಸ ಬದಲಾಗಿದ್ದರೆ ಹೆಸರೂ ಬದಲಾಗಲಿ. ಆದರೆ ತಾಂತ್ರಿಕ ಮಿತಿಗಳಿವೆ. ಯೂಟ್ಯೂಬ್‌ನಲ್ಲಿ ಚಾನೆಲ್ ಹೆಸರನ್ನೂ ಹ್ಯಾಂಡಲ್ ಅನ್ನೂ 14 ದಿನಕ್ಕೆ ಎರಡು ಸಲ ಮಾತ್ರ ಬದಲಿಸಬಹುದು. ಹಳೆಯ ಹ್ಯಾಂಡಲ್ 14 ದಿನ ನಿಮಗಾಗಿ ಕಾದಿರುತ್ತದೆ, ಆಮೇಲೆ ಬೇರೆಯವರು ತೆಗೆದುಕೊಳ್ಳಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಿಗೂ 14 ದಿನಕ್ಕೆ ಎರಡೇ ಸಲ. ವೆರಿಫೈಡ್ ಗುರುತು ಇರುವ ಯೂಟ್ಯೂಬ್ ಚಾನೆಲ್ ಹೆಸರು ಬದಲಿಸಿದರೆ ಆ ಗುರುತು ಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕು.

ಹೊಸ ಹ್ಯಾಂಡಲ್ ಎಲ್ಲ ಕಡೆ ಖಾಲಿ ಇದೆಯೇ ಎಂದು ಮೊದಲು ನೋಡಿ, ಒಂದೇ ದಿನ ಎಲ್ಲ ಕಡೆ ಬದಲಿಸಿ, 'ಮೊದಲು ಈ ಹೆಸರಿನಲ್ಲಿದ್ದೆ' ಎಂಬ ಪೋಸ್ಟ್ ಅನ್ನು ಒಂದೆರಡು ತಿಂಗಳು ಮೇಲೆ ಪಿನ್ ಮಾಡಿಡಿ. ವಿಸಿಟಿಂಗ್ ಕಾರ್ಡ್, ಪುಸ್ತಕದ ಹಿಂಬದಿ, ಕ್ಯೂಆರ್ ಕೋಡ್ ಇವುಗಳಲ್ಲಿ ಹಳೆಯ ಲಿಂಕ್ ಅಚ್ಚಾಗಿದ್ದರೆ ಹ್ಯಾಂಡಲ್ ಮುಟ್ಟದೆ ಡಿಸ್‌ಪ್ಲೇ ನೇಮ್ ಮತ್ತು ಬಯೋ ಮಾತ್ರ ಬದಲಿಸಿ. ಎಲ್ಲ ಮುಗಿದ ಮೇಲೆ, ನಿಮ್ಮನ್ನು ಫಾಲೋ ಮಾಡದ ಒಬ್ಬರ ಫೋನಿನಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹುಡುಕಿಸಿ. ಸಿಕ್ಕರೆ ಪ್ರೊಫೈಲ್ ಓದಿಸಿ, ನೀವು ಏನು ಮಾಡುತ್ತೀರಿ ಎಂದು ಅವರಿಂದಲೇ ಹೇಳಿಸಿ. ಅವರು ಹೇಳಿದ್ದು ನಿಮ್ಮ ಕೆಲಸಕ್ಕೆ ಹೊಂದದಿದ್ದರೆ ಹಂತ 6ಕ್ಕೆ ಮರಳಿ.